ಮದ್ದು ಮೊದಲೇ ಕೈಬಿಟ್ಟಿತ್ತು: ನರಗುಂದ ಬಾಬಾಸಾಹೇಬರ ಕೊನೆಯ ದಿನಗಳು

ಬಾದಾಮಿ: ಕುಳಗೇರಿ ಕ್ರಾಸ್ ದಾಟಿ ಹುಬ್ಬಳ್ಳಿ ಕಡೆ ಹೋಗೋರಿಗೆಲ್ಲ ನರಗುಂದದ ಗುಡ್ಡ ಗೊತ್ತು. ಅಲ್ಲಿ ಆಳಿದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರು, ಯುದ್ಧಕ್ಕಿಂತ ಓದಿಗೆ ಹೆಸರಾದವರು. ಸಂಸ್ಕೃತದ ಸಾವಿರಾರು ಗ್ರಂಥ ಕೂಡಿಸಿಟ್ಟಿದ್ದರು. ಮಕ್ಕಳಿರಲಿಲ್ಲ. ದತ್ತು ತಗೊಳ್ಳೋಕೆ ಕಂಪನಿ ಸರ್ಕಾರ ಒಪ್ಪಲಿಲ್ಲ. ಸಂಸ್ಥಾನ ತಮ್ಮ ನಂತರ ಉಳಿಯೋದಿಲ್ಲ ಅನ್ನೋದು ಅಲ್ಲಿಗೇ ಖಾತ್ರಿಯಾಯಿತು.

1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಆಯುಧಕ್ಕಷ್ಟೇ ಅಲ್ಲ, ಮದ್ದುಗುಂಡು ತಯಾರಿಸೋದಕ್ಕೆ, ಮಾರೋದಕ್ಕೂ ಕಡಿವಾಣ. ನಮ್ಮ ಮುಧೋಳ ತಾಲ್ಲೂಕಿನ ಹಲಗಲಿ ಬೇಡರು ಒಪ್ಪದೆ ನಿಂತರು. ನವೆಂಬರ್ ಕೊನೆಗೆ ಊರು ಸುಟ್ಟಿತು, ಡಿಸೆಂಬರ್‌ನಲ್ಲಿ 19 ಮಂದಿ ಗಲ್ಲಿಗೇರಿದರು.

ಬಾಬಾಸಾಹೇಬರಿಗೂ ತೋಪು, ಮದ್ದು ಧಾರವಾಡಕ್ಕೆ ಕಳಿಸಿ ಅಂತ ಆದೇಶ ಬಂತು. ಮೂರ್ನಾಲ್ಕು ಹಳೇ ತೋಪು ಬಿಟ್ಟು ಉಳಿದದ್ದೆಲ್ಲ ಹೋಯಿತು. ಮದ್ದು, ಅದನ್ನು ಮಾಡುವ ಪೆಟ್ಲುಪ್ಪು ಕೂಡ. ಪೆಟ್ಟು ಬಿದ್ದದ್ದು ಇಲ್ಲೇ. ಆಗಿನ ಬಂದೂಕಿಗೆ ಒಂದೊಂದು ಗುಂಡಿಗೂ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿಯಬೇಕು. ಮದ್ದು ತಂಪು ಹಿಡಿದರೆ ಹೊತ್ತೋದಿಲ್ಲ, ಅಳತೆ ಮೀರಿದರೆ ನಳಿಗೆ ಸಿಡಿದು ಹೊಡೆಯೋನ ಕೈಯೇ ಹೋಗುತ್ತೆ. ಉಪ್ಪು, ಗಂಧಕ, ಇದ್ದಿಲು ಕೂಡಿಸಿ ಒಣಗಿಸಿಡೋಕೆ ಸಮಯ ಬೇಕು. ಬಾಬಾಸಾಹೇಬರಿಗೆ ಸಿಕ್ಕಿದ್ದು ದಿನಗಳು ಮಾತ್ರ.

1858ರ ಮೇ ಕೊನೆಗೆ ಮುಂಡರಗಿ ಭೀಮರಾಯ ದಂಗೆ ಎದ್ದ ಸುದ್ದಿ ಬಂತು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದಿಂದ ನರಗುಂದಕ್ಕೆ ಹೊರಟ. ಹೋಗಬೇಡ ಅಂತ ರಾಮದುರ್ಗದ ಅರಸ ಎಚ್ಚರಿಸಿದ್ದ. ಅವನು ಬಾಬಾಸಾಹೇಬರ ಮಲತಮ್ಮ. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬರ ಕಡೆಯವರು ಮ್ಯಾನ್ಸನ್‌ನನ್ನು ಕೊಂದರು. ಅವನ ತಲೆ ನರಗುಂದಕ್ಕೆ ಬಂತು. ಇನ್ನು ರಾಜಿಯ ಮಾತೇ ಇರಲಿಲ್ಲ.

ಜೂನ್ 1ಕ್ಕೆ ಕರ್ನಲ್ ಮಾಲ್ಕಮ್ ಸೈನ್ಯ ಬಂತು. ಊರಾಚೆ ಬಂದು ಎದುರಿಸಿದವರು ಕುದುರೆ ದಂಡಿನ ಮುಂದೆ ನಿಲ್ಲಲಿಲ್ಲ. ಸಂಜೆಗೆ ಊರು, ಮರುದಿನ ಕೋಟೆ ಬಿತ್ತು. ಒಳಗಿನವರೇ ಮದ್ದಿಗೆ ಬೇರೆ ಪುಡಿ ಬೆರೆಸಿ ಕೆಡಿಸಿದರು ಅಂತ ಆ ಕಡೆ ಜನ ಇಂದಿಗೂ ಹೇಳ್ತಾರೆ. ನಿಜವೇ ಇರಬಹುದು. ಆದರೆ ಕೆಡಿಸೋಕೆ ಮುಂಚೆಯೇ ಕಣಜದ ಬಹುಪಾಲು ಧಾರವಾಡ ಸೇರಿತ್ತಲ್ಲ!

ಯಾತ್ರಿಕರ ವೇಷದಲ್ಲಿ ಪಂಢರಪುರದ ಹಾದಿ ಹಿಡಿದಿದ್ದ ಬಾಬಾಸಾಹೇಬರು ತೊರಗಲ್ ಹತ್ತಿರ ಪೊಲೀಸ್ ಅಧಿಕಾರಿ ಸೂಟರ್ ಕೈಗೆ ಸಿಕ್ಕರು. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಅವರ ಹೆಂಡತಿ, ತಾಯಿ ಮಲಪ್ರಭೆಗೆ ಬಿದ್ದು ಸತ್ತರು. ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮಕ್ಕೆ ಹರಿಯೋ ಅದೇ ಹೊಳೆ.