ಗ್ರೀಕರ ವೀರರನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ

ಯುನಾನಿ ಔಷಧಿಯ ಹೆಸರು ಕೇಳದವರು ನಮ್ಮಲ್ಲಿ ವಿರಳ. ಯುನಾನ್ ಎಂದರೆ ಗ್ರೀಸ್ ದೇಶ. ಅಲ್ಲಿಯ ವೈದ್ಯಗ್ರಂಥಗಳನ್ನು 9ನೆಯ ಶತಮಾನದಲ್ಲಿ ಬಾಗ್ದಾದಿನ ಹುನೈನ್ ಇಬ್ನ್ ಇಸ್ಹಾಕ್ ಮೊದಲಾದ ವಿದ್ವಾಂಸರು ಅರಬ್ಬಿ ಭಾಷೆಗೆ ತಂದರು. ನಾಟಕಗಳತ್ತ ಅವರು ಹೋಗಲಿಲ್ಲ. ಆ ನಾಟಕಗಳನ್ನು ಕನ್ನಡಿಗರಿಗೆ ಪರಿಚಯಿಸಿದವರಲ್ಲಿ ಬಿ.ಎಂ. ಶ್ರೀಕಂಠಯ್ಯನವರದು ದೊಡ್ಡ ಹೆಸರು.

ಶ್ರೀಯವರು 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಕಲಿಸಿದ್ದು ಇಂಗ್ಲಿಷ್, ಚಿಂತೆಯೆಲ್ಲ ಕನ್ನಡದ್ದು. 1911ರಲ್ಲಿಯೇ ಧಾರವಾಡಕ್ಕೆ ಬಂದು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದ್ದರು.

ಗ್ರೀಕರ ನಾಗರಿಕತೆ ಒಮ್ಮೆಲೇ ಅರಳಿದ್ದಲ್ಲ. ಮೊದಲು ಕ್ರೀಟ್ ದ್ವೀಪದ ಅರಮನೆಗಳು, ಆಮೇಲೆ ಮೈಸೀನಿಯ ಕೋಟೆಗಳು ಎದ್ದವು. ಕ್ರಿ.ಪೂ. 1200ರ ಸುಮಾರಿಗೆ ಆ ಕೋಟೆಗಳು ಬಿದ್ದವು, ಬರವಣಿಗೆಯೂ ಮರೆತುಹೋಯಿತು. ವೀರರ ಕಥೆಗಳು ಮಾತ್ರ ಹಾಡುಗಾರರ ಬಾಯಲ್ಲಿ ಉಳಿದವು. ಕ್ರಿ.ಪೂ. 8ನೆಯ ಶತಮಾನದ ಹೊತ್ತಿಗೆ ಗ್ರೀಕರು ಫಿನೀಷಿಯನ್ನರಿಂದ ಲಿಪಿ ಕಲಿತು, ಅದಕ್ಕೆ ಸ್ವರಾಕ್ಷರಗಳನ್ನು ಸೇರಿಸಿಕೊಂಡರು. ಮುಂದೆ ಅದೇ ಕಥೆಗಳು ಅಥೆನ್ಸಿನ ರಂಗವನ್ನೇರಿದವು.

ಅಂಥ ಒಂದು ನಾಟಕ ಸೋಫೋಕ್ಲಿಸನ ಏಜಾಕ್ಸ್. ಟ್ರಾಯ್ ಯುದ್ಧದಲ್ಲಿ ತನಗೆ ಸಲ್ಲಬೇಕಾದ ಮರ್ಯಾದೆ ಬೇರೊಬ್ಬನಿಗೆ ಸಂದಿತೆಂದು ಏಜಾಕ್ಸ್ ಕೆರಳುತ್ತಾನೆ. ಬುದ್ಧಿಭ್ರಮೆಯಲ್ಲಿ ಶತ್ರುಗಳೆಂದು ಬಗೆದು ದನಕುರಿಗಳನ್ನು ಕಡಿಯುತ್ತಾನೆ. ಎಚ್ಚರವಾದ ಮೇಲೆ ನಾಚಿಕೆಯಿಂದ ಪ್ರಾಣ ಬಿಡುತ್ತಾನೆ. ಶ್ರೀಯವರು ಇದನ್ನು ಬರಿದೇ ಅನುವಾದಿಸಲಿಲ್ಲ. ಏಜಾಕ್ಸನ ಜಾಗದಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಗದುಗಿನ ಭಾರತ ಕೇಳಿದವರಿಗೆ ಅಶ್ವತ್ಥಾಮ ಹೊಸಬನಲ್ಲ. ಅವನು ಚಿರಂಜೀವಿ ಎಂಬುದು ಜನರ ನಂಬಿಕೆ. ಅವನೇ ಇಲ್ಲಿ ಸಾಯುತ್ತಾನೆ! ಆಕ್ಷೇಪಣೆಗಳು ಬಂದದ್ದು ಸಹಜ. ಆದರೆ ಅವನನ್ನು ಬದುಕಿಸಿದ್ದರೆ ಗ್ರೀಕ್ ನಾಟಕದ ಜೀವವೇ ಹೋಗುತ್ತಿತ್ತು.

1935ರ 'ಪಾರಸಿಕರು' ಈಸ್ಕಿಲಸನ ನಾಟಕದ ಕನ್ನಡ ರೂಪ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಸಮುದ್ರಯುದ್ಧದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು. ಎಂಟೇ ವರ್ಷಗಳ ನಂತರ ಈಸ್ಕಿಲಸ್ ರಂಗದ ಮೇಲೆ ತೋರಿಸಿದ್ದು ಗೆದ್ದವರ ಮೆರವಣಿಗೆಯನ್ನಲ್ಲ, ಸೋತ ಅರಮನೆಯ ಗೋಳನ್ನು. ಪರ್ಷಿಯನ್ನರ ವಿರುದ್ಧ ಸ್ವತಃ ಕಾದಾಡಿದವನು ಶತ್ರುವಿನ ತಾಯಿಯ ದುಃಖವನ್ನು ಬರೆದನೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಶ್ರೀಯವರು ಕೊನೆಯ ದಿನಗಳಲ್ಲಿ ಧಾರವಾಡದಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಗದಗ ಆಗ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. 1946ರ ಜನವರಿ 5ರಂದು ಅಲ್ಲಿಯೇ ತೀರಿಕೊಂಡರು. ಮೈಸೀನಿಯ ಮಣ್ಣಿನ ಹಲಗೆಗಳ ಮೇಲಿನ ಬರಹ ಗ್ರೀಕ್ ಭಾಷೆಯದೇ ಎಂದು ಮೈಕೇಲ್ ವೆಂಟ್ರಿಸ್ ಓದಿ ತೋರಿಸಿದ್ದು ಆರು ವರ್ಷಗಳ ನಂತರ, 1952ರಲ್ಲಿ.