ಕಣ್ಣು ಮಂಜಾದ ಮೇಲೆ ಹಾಡಿದ ಸಂತ

ಪ್ರತಿ ವರ್ಷ ಅಕ್ಟೋಬರ್ 4ರಂದು ನಾವು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವನ್ನು ಆಚರಿಸುತ್ತೇವೆ. ಹೆಗಲ ಮೇಲೆ ಹಕ್ಕಿಗಳು, ಪಾದಗಳ ಬಳಿ ತೋಳ. ಈ ಚಿತ್ರ ನಮ್ಮ ಮನೆಗಳಿಗೆ ಹೊಸದಲ್ಲ. ಅದನ್ನು ಕಂಡಾಗ, ಸಂತರು ಹುಟ್ಟಿನಿಂದಲೇ ಪ್ರಕೃತಿಪ್ರಿಯರು, ಅವರ ಬಾಳೆಲ್ಲ ಹೂದೋಟದ ವಿಹಾರ ಎಂದು ನಾವು ಭಾವಿಸುವುದುಂಟು. ಅವರ ಜೀವನಚರಿತ್ರೆಯನ್ನು ಓದಿದಾಗ ತಿಳಿಯುವ ಸಂಗತಿಯೇ ಬೇರೆ.

ಇಟಲಿಯ ಉಂಬ್ರಿಯಾ ಪ್ರಾಂತದ ಅಸ್ಸಿಸಿ ಪಟ್ಟಣದಲ್ಲಿ 1181 ಅಥವಾ 1182ರಲ್ಲಿ ಫ್ರಾನ್ಸಿಸರು ಜನಿಸಿದರು. ತಂದೆ ಪಿಯೆತ್ರೊ ಬೆರ್ನಾರ್ದೊನೆ ಸಿರಿವಂತ ಬಟ್ಟೆ ವ್ಯಾಪಾರಿ. ಮಗನಿಗೆ ಅಂಗಡಿಗಿಂತ ಹಾಡಿನ ಮೇಲೆ ಒಲವು ಹೆಚ್ಚು. ಗೆಳೆಯರನ್ನು ಕೂಡಿಕೊಂಡು ರಾತ್ರಿಯೆಲ್ಲ ಬೀದಿಗಳಲ್ಲಿ ಹಾಡುತ್ತ ಸುತ್ತುವುದು ಅವರ ತಾರುಣ್ಯದ ರೀತಿಯಾಗಿತ್ತು. 1202ರಲ್ಲಿ ನೆರೆಯ ಪೆರುಜಾ ನಗರದೊಡನೆ ನಡೆದ ಕಾಳಗದಲ್ಲಿ ಅವರು ಸೆರೆಸಿಕ್ಕಿದರು. ಸುಮಾರು ಒಂದು ವರ್ಷದ ಸೆರೆವಾಸ, ಬಳಿಕ ದೀರ್ಘ ಕಾಯಿಲೆ. ಕೊಂಚ ಚೇತರಿಸಿಕೊಂಡ ಮೇಲೆ ಊರುಗೋಲಿನ ಆಸರೆಯಲ್ಲಿ ಓಡಾಡತೊಡಗಿದ ಅವರು ಒಂದು ದಿನ ಹೊಲಗಳನ್ನೂ ದ್ರಾಕ್ಷಿತೋಟಗಳನ್ನೂ ನೋಡಲು ಹೊರಗೆ ಹೋದರು. ಹಿಂದೆ ಕಣ್ಣಿಗೆ ಹಬ್ಬವಾಗಿದ್ದ ಆ ನೋಟ ಅಂದು ಅವರ ಮನಸ್ಸನ್ನು ಮುಟ್ಟಲಿಲ್ಲ. ಸಂತರ ಮೊದಲ ಚರಿತ್ರಕಾರರಾದ ಚೆಲಾನೊದ ಥಾಮಸರು ಇದನ್ನು ಮರೆಯದೆ ದಾಖಲಿಸಿದ್ದಾರೆ. ಕಣ್ಣಿತ್ತು, ಚೆಲುವಿತ್ತು, ಸಂತೋಷ ಮಾತ್ರ ಇರಲಿಲ್ಲ. ಇದನ್ನು ನಾವು ನೆನಪಿನಲ್ಲಿಡೋಣ.

ಮುಂದಿನ ಘಟನೆಗಳು ನಮಗೆ ತಿಳಿದವೇ ಆಗಿವೆ. ಕುಷ್ಠರೋಗಿಗಳ ಸೇವೆ, ಪಾಳುಬಿದ್ದಿದ್ದ ಸಂತ ದಮಿಯಾನೊ ದೇವಾಲಯದ ಜೀರ್ಣೋದ್ಧಾರ, ಧರ್ಮಾಧ್ಯಕ್ಷರ ಎದುರಿನಲ್ಲಿ ಉಟ್ಟ ಬಟ್ಟೆಯನ್ನೂ ತಂದೆಗೆ ಹಿಂದಿರುಗಿಸಿದ ದಿನ, ಬಡತನವನ್ನು ಅಪ್ಪಿಕೊಂಡ ಸಹೋದರರ ಕೂಟ. ಎಲ್ಲವನ್ನೂ ಬಿಟ್ಟುಕೊಟ್ಟ ಮೇಲೆ ಸೃಷ್ಟಿ ಅವರಿಗೆ ಬಂಧುವಾಗಿ ಒದಗಿತು. ತನ್ನದೆನ್ನಲು ಏನೂ ಉಳಿಯದವರಿಗೆ ಎಲ್ಲವೂ ದೇವರ ಕೊಡುಗೆಯಾಗಿ ಕಾಣುವುದು ಸಹಜ.

ಈ ಬಂಧುತ್ವ ಬರಿಯ ಭಾವನೆಯಾಗಿ ನಿಲ್ಲಲಿಲ್ಲ. ಸೌದೆಗಾಗಿ ಹೋಗುವ ಸಹೋದರರು ಮರವನ್ನು ಬುಡಸಮೇತ ಕಡಿಯಬಾರದು, ಮತ್ತೆ ಚಿಗುರುವ ಆಸೆಯನ್ನು ಅದಕ್ಕೆ ಉಳಿಸಬೇಕು ಎಂಬುದು ಅವರ ಕಟ್ಟಪ್ಪಣೆಯಾಗಿತ್ತು. ತೋಟದ ಅಂಚುಗಳನ್ನು ಅಗೆಯದೆ ಹುಲ್ಲಿಗೂ ಹೂವಿಗೂ ಬಿಡಬೇಕೆಂದು ತೋಟಗಾರ ಸಹೋದರನಿಗೆ ತಿಳಿಸಿದ್ದರು. ದಾರಿಯ ಹುಳು ತುಳಿತಕ್ಕೆ ಸಿಗದಂತೆ ಎತ್ತಿ ಬದಿಗಿಡುತ್ತಿದ್ದರು. ಚಳಿಗಾಲದಲ್ಲಿ ಜೇನ್ನೊಣಗಳು ಸಾಯದಿರಲೆಂದು ಅವುಗಳಿಗೆ ಜೇನನ್ನೂ ದ್ರಾಕ್ಷಾರಸವನ್ನೂ ಇಡಿಸುತ್ತಿದ್ದರು.

ಜನರಿಗೆ ಕಲಿಸಲು ಅವರು ಆರಿಸಿಕೊಂಡ ಮಾರ್ಗ ಕಲೆಯ ಮಾರ್ಗ. 1223ರ ಕ್ರಿಸ್ತ ಜಯಂತಿಯಂದು ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಜೊವಾನ್ನಿ ಎಂಬ ಸ್ನೇಹಿತರ ನೆರವಿನಿಂದ ಹುಲ್ಲು ತುಂಬಿದ ಗೋದಲಿಯನ್ನು ಸಿದ್ಧಪಡಿಸಿ, ನಿಜವಾದ ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿದರು. ದೀವಟಿಗೆ ಹಿಡಿದು ಬಂದ ಹಳ್ಳಿಗರು ಅದರೆದುರು ಬಲಿಪೂಜೆಯಲ್ಲಿ ಭಾಗಿಗಳಾದರು. ದೇವಪುತ್ರನ ಜನನದಲ್ಲಿ ಮೂಕಪ್ರಾಣಿಗಳಿಗೂ ಪಾಲುಂಟೆಂದು ಆ ರಾತ್ರಿ ಪ್ರಸಂಗಕ್ಕಿಂತ ಹೆಚ್ಚಾಗಿ ಆ ದೃಶ್ಯವೇ ತಿಳಿಸಿತು.

ಅವರ ಶ್ರೇಷ್ಠ ಕೃತಿ ಹುಟ್ಟಿದ್ದು 1225ರಲ್ಲಿ. 1219ರ ಈಜಿಪ್ಟ್ ಯಾತ್ರೆಯಲ್ಲಿ ಅಂಟಿದ ಕಣ್ಣಿನ ಬೇನೆ ಅಷ್ಟರಲ್ಲಿ ವಿಪರೀತಕ್ಕೇರಿತ್ತು. ಸಂತ ದಮಿಯಾನೊ ಮಠದ ಬಳಿ ಚಾಪೆಗಳಿಂದ ಕಟ್ಟಿದ ಗುಡಿಸಲಿನ ಕತ್ತಲಲ್ಲಿ ಅವರು ಐವತ್ತಕ್ಕೂ ಹೆಚ್ಚು ದಿನ ಮಲಗಿದ್ದರು. ಹಗಲಿನ ಬಿಸಿಲನ್ನಾಗಲಿ ರಾತ್ರಿಯ ಬೆಂಕಿಯ ಬೆಳಕನ್ನಾಗಲಿ ಕಣ್ಣುಗಳು ತಾಳುತ್ತಿರಲಿಲ್ಲ. ಇಲಿಗಳ ಕಾಟದಿಂದ ನಿದ್ರೆಯೂ ಇರಲಿಲ್ಲ. ಅಂಥ ಒಂದು ರಾತ್ರಿಯ ಮರುದಿನ ಬೆಳಿಗ್ಗೆ ಅವರು ಸೂರ್ಯನನ್ನು ಸಹೋದರನೆಂದೂ ನೀರನ್ನು ಸಹೋದರಿಯೆಂದೂ ಭೂಮಿಯನ್ನು ತಾಯಿಯೆಂದೂ ಕರೆದು ದೇವರನ್ನು ಸ್ತುತಿಸುವ ಗೀತೆಯನ್ನು ರಚಿಸಿದರು. ಯಾವ ಬೆಳಕು ಕಣ್ಣನ್ನು ಇರಿಯುತ್ತಿತ್ತೋ ಅದಕ್ಕೇ ಮೊದಲ ಗೌರವ ಸಂದಿತು.

ಗೀತೆಯ ಉದ್ದೇಶವನ್ನು ಅವರು ಸಂಗಡಿಗರಿಗೆ ವಿವರಿಸಿದ್ದರು. ಯಾವ ಸೃಷ್ಟಿಯಿಲ್ಲದೆ ನಾವು ಒಂದು ದಿನವೂ ಬದುಕಲಾರೆವೋ ಅದನ್ನು ನಿತ್ಯವೂ ಬಳಸುತ್ತ, ಕೊಟ್ಟಾತನಿಗೆ ಕೃತಘ್ನರಾಗುತ್ತೇವೆ. ಆ ಅಪರಾಧ ಅವರನ್ನು ಕಾಡುತ್ತಿತ್ತು. ಆದ್ದರಿಂದಲೇ ಲತೀನ್ ಬಿಟ್ಟು ಉಂಬ್ರಿಯಾದ ಆಡುಮಾತಿನಲ್ಲಿ ಹಾಡು ಕಟ್ಟಿ, ರಾಗವನ್ನೂ ಹಾಕಿ, ಸಹೋದರರಿಗೆ ಕಲಿಸಿದರು. ಅವರು ಊರೂರಿಗೆ ಹೋಗಿ ಬೋಧಿಸಿ, ಬಳಿಕ ಹಾಡಬೇಕು; ಹಾಡಿದ್ದಕ್ಕೆ ಸಂಭಾವನೆಯಾಗಿ ಕೇಳುಗರ ಮನಪರಿವರ್ತನೆಯನ್ನೇ ಬೇಡಬೇಕು ಎಂಬುದು ಸಂತರ ಬಯಕೆ. ಆ ಸಮಯದಲ್ಲಿ ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ನಗರಾಧಿಕಾರಿಗೂ ಕಡುವೈರ ಬೆಳೆದಿತ್ತು. ಸಂತರು ಕ್ಷಮೆಯ ಕುರಿತು ಒಂದು ಚರಣ ಸೇರಿಸಿ, ಅವರಿಬ್ಬರ ಮುಂದೆ ಹಾಡಿಸಿದರು. ಕೇಳಿದವರು ಕಣ್ಣೀರಿಟ್ಟು ರಾಜಿಯಾದರು. ನೆಲದೊಡನೆ ನಮ್ಮ ಸಂಬಂಧವೂ ನೆರೆಯವನೊಡನೆ ನಮ್ಮ ಸಂಬಂಧವೂ ಒಂದೇ ಹಾಡಿನಲ್ಲಿ ಕೂಡಿಕೊಂಡವು.

ಕಣ್ಣಿನ ಚಿಕಿತ್ಸೆಗೆಂದು ವೈದ್ಯರು ಕಾದ ಕಬ್ಬಿಣದಿಂದ ಅವರ ಕೆನ್ನೆಯಿಂದ ಹುಬ್ಬಿನವರೆಗೆ ಬರೆಹಾಕಿದರು. ದೃಷ್ಟಿ ಮರಳಲಿಲ್ಲ. 1226ರ ಅಕ್ಟೋಬರ್ 3ರ ಸಂಜೆ, ಮರಣವನ್ನೂ ಸಹೋದರಿಯೆಂದು ಹಾಡಿಸಿಕೊಳ್ಳುತ್ತ ಅವರು ಪ್ರಭುವಿನಲ್ಲಿ ಲೀನರಾದರು. 1228ರಲ್ಲಿ ಅವರಿಗೆ ಸಂತಪದವಿ ದೊರೆಯಿತು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಅವರನ್ನು ಪರಿಸರಪ್ರೇಮಿಗಳ ಪಾಲಕ ಸಂತರೆಂದು ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸರು ನಮ್ಮ ಭೂಮಿಯ ರಕ್ಷಣೆಯ ಕುರಿತು ಬರೆದ ವಿಶ್ವಪತ್ರದ ಹೆಸರೂ ಇದೇ ಗೀತೆಯಿಂದ ಬಂದದ್ದು. ಸಂತರು ಹಾಕಿದ ರಾಗ ಮಾತ್ರ ನಮಗೆ ಉಳಿದಿಲ್ಲ.

ಆರೋಗ್ಯವಿದ್ದ ಕಣ್ಣುಗಳಿಗೆ ರುಚಿಸದ ಹೊಲಗದ್ದೆಗಳು, ಕುರುಡಾದ ಕಣ್ಣುಗಳಿಗೆ ಸ್ತೋತ್ರದ ವಸ್ತುವಾದವು. ನಾವಾದರೋ ರಜೆಯಲ್ಲಿ ಬೆಟ್ಟ ಕಡಲು ನೋಡಿ ಬಂದು, ಮನೆಯಂಗಳದ ಮಾವಿನ ಮರವನ್ನು ಎಲೆ ಬೀಳುವ ಕಾರಣಕ್ಕೆ ಕಡಿಸುತ್ತೇವೆ. ಮಳೆನೀರು ಇಂಗಲು ಒಂದು ಗೇಣು ಮಣ್ಣನ್ನೂ ಬಿಡದೆ ಕಾಂಕ್ರೀಟು ಹಾಕಿಸುತ್ತೇವೆ. ಗ್ರೆಚ್ಚೊದಲ್ಲಿ ನಿಜವಾದ ಹುಲ್ಲಿನಿಂದ ಆರಂಭವಾದ ಗೋದಲಿ ಎಷ್ಟೋ ಮನೆಗಳಲ್ಲಿ ಥರ್ಮೋಕೋಲಿನದಾಗಿದೆ. ಬರುವ ಕ್ರಿಸ್ತ ಜಯಂತಿಗೆ ಮಕ್ಕಳ ಕೈಯಿಂದಲೇ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸಿ ಗೋದಲಿಗೆ ಹಸಿರು ಹಾಸೋಣ. ಹಿತ್ತಿಲ ಒಂದು ಅಂಚನ್ನಾದರೂ ಅಗೆಯದೆ ಬಿಡೋಣ. ಸಂತರು ತಮ್ಮ ತೋಟಗಾರನಿಂದ ಬೇಡಿದ್ದು ಅಷ್ಟೇ.