ಓಟಗಾರ ಮಾಸ್ತರ ಎರಿಕ್ ಲಿಡೆಲ್



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಜಿಲ್ಲಾ ಕ್ರೀಡಾಕೂಟಕ್ಕೆ ಓಡಲು ಹೋಗುವವರು ಬಹಳ ಮಂದಿ. ಯಾರು ಗೆದ್ದರು ಅಂತ ಎಲ್ಲಾರೂ ಕೇಳ್ತಾರ. ಓಡೂದು ಬಿಟ್ಟ ಮ್ಯಾಲೆ ಏನು ಮಾಡಿದರು ಅಂತ ಕೇಳುವವರು ಕಡಿಮೆ. ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರು 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೇ ಸ್ಥಾನ ಪಡೆದರು. ಅದರ ಮುಂದಿನ ಒಲಿಂಪಿಕ್ಸ್ 1924ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಅಲ್ಲಿ ಗೆದ್ದು, ಆಮ್ಯಾಲೆ ಸಾಲಿ ಮಾಸ್ತರರಾದ ಒಬ್ಬರ ಜೀವನವನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ.

ಎರಿಕ್ ಲಿಡೆಲ್ 1902ನೇ ಇಸವಿ ಜನವರಿ 16ರಂದು ಚೀನಾ ದೇಶದ ತಿಯಾಂಜಿನ್ ಪಟ್ಟಣದಲ್ಲಿ ಜನಿಸಿದರು. ತಂದೆ ತಾಯಿ ಸ್ಕಾಟ್ಲೆಂಡಿನವರು, ಕ್ರೈಸ್ತ ಧರ್ಮಪ್ರಚಾರಕ್ಕೆ ಅಲ್ಲಿಗೆ ಹೋಗಿದ್ದರು. ಎರಿಕ್ ಇಂಗ್ಲೆಂಡಿನ ವಸತಿ ಶಾಲೆಯಲ್ಲಿ ಕಲಿತು, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿದರು. 100 ಮೀಟರ್ ಓಟದಲ್ಲಿ ಇವರು ಬಲು ಗಟ್ಟಿ. ಆದರೆ ಪ್ಯಾರಿಸ್‌ನಲ್ಲಿ ಆ ಓಟದ ಮೊದಲ ಸುತ್ತು ರವಿವಾರ ಬಿತ್ತು. ರವಿವಾರ ಅವರಿಗೆ ದೇವರ ದಿನ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲಲ್ಲ, ಹಂಗ. ಎಷ್ಟು ಮಂದಿ ಟೀಕೆ ಮಾಡಿದರೂ ಆ ಓಟವನ್ನು ಬಿಟ್ಟೇಬಿಟ್ಟರು. 200 ಮೀಟರಿನಲ್ಲಿ ಕಂಚಿನ ಪದಕ ಬಂತು. ಜುಲೈ 11ರಂದು 400 ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಬಂಗಾರದ ಪದಕ ಗೆದ್ದರು.

ಇಷ್ಟನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಮುಂದಿನದೇ ದೊಡ್ಡದು ಅನಿಸುತ್ತದೆ.

ಹೆಸರು ಉತ್ತುಂಗದಲ್ಲಿದ್ದಾಗಲೇ, 1925ರಲ್ಲಿ, ಅವರು ಚೀನಾಕ್ಕೆ ಹೊರಟುಹೋದರು. ತಿಯಾಂಜಿನ್‌ನ ಒಂದು ಶಾಲೆಯಲ್ಲಿ ಹುಡುಗರಿಗೆ ವಿಜ್ಞಾನ ಕಲಿಸಿದರು, ಆಟೋಟಗಳನ್ನೂ ಕಲಿಸಿದರು. ಊರಿನ ಕ್ರೀಡಾಂಗಣ ಕಟ್ಟುವಾಗ ಸಲಹೆ ಕೊಟ್ಟರು. ಆರು ವರ್ಷ ಕಲಿಸಿದ ಮೇಲೆ 1931ರಲ್ಲಿ ಎಡಿನ್‌ಬರೋಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತು ಧರ್ಮಶಾಸ್ತ್ರ ಓದಿದರು. ಒಲಿಂಪಿಕ್ಸ್ ಗೆದ್ದವರು 29ನೇ ವಯಸ್ಸಿಗೆ ಪಾಟಿಚೀಲ ಹಿಡಿದಂಗಾತು! 1932ರಲ್ಲಿ ಪಾದ್ರಿಯಾಗಿ ತಿರುಗಿ ಅದೇ ಶಾಲೆಗೆ ಬಂದರು. 1934ರಲ್ಲಿ ಮದುವೆಯಾಯಿತು. ಆಮೇಲೆ ಬಡ ಹಳ್ಳಿಗಳಲ್ಲಿ ಸೇವೆ ಮಾಡಿದರು.

ಜಪಾನೀ ಸೈನ್ಯದ ಯುದ್ಧ ಜೋರಾದಾಗ, 1941ರಲ್ಲಿ, ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿದರು. ತಾವು ಅಲ್ಲೇ ಉಳಿದರು. 1943ರಲ್ಲಿ ಜಪಾನೀಯರು ಅವರನ್ನು ವೆಯ್‌ಶಿಯನ್ ಎಂಬಲ್ಲಿಯ ಬಂಧನ ಶಿಬಿರಕ್ಕೆ ಹಾಕಿದರು. ಸುಮಾರು ಒಂದೂವರೆ ಸಾವಿರ ಮಂದಿ, ಅವರಲ್ಲಿ ತಂದೆ ತಾಯಿಯಿಂದ ಅಗಲಿದ ಶಾಲಾ ಮಕ್ಕಳು ಬಹಳ. ಪ್ರಯೋಗಾಲಯ ಇಲ್ಲ, ಪುಸ್ತಕ ಇಲ್ಲ. ಲಿಡೆಲ್ ಮಾಸ್ತರರು ರಸಾಯನ ಶಾಸ್ತ್ರದ ಉಪಕರಣಗಳ ಚಿತ್ರ ಬರೆದು, ಪಾಠವನ್ನು ಕೈಯಿಂದಲೇ ಬರೆದು ಪುಸ್ತಕ ಮಾಡಿ ಕಲಿಸಿದರು. ಈ ಗೋಡೆ ಪತ್ರಿಕೆಗೆ ಗೆರೆ ಹಾಕುವಾಗ ನನಗೆ ಅದೇ ನೆನಪಾಗುತ್ತದೆ. ಹರಿದ ಹಾಕಿ ಕೋಲುಗಳಿಗೆ ಬಟ್ಟೆ ಸುತ್ತಿ ರಿಪೇರಿ ಮಾಡುವುದೂ ಅವರದೇ ಕೆಲಸ.

ಅಲ್ಲಿಯೂ ರವಿವಾರ ಆಟ ಆಡಿಸುತ್ತಿರಲಿಲ್ಲ. ಒಂದು ರವಿವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ, ನಡುವೆ ಯಾರೂ ಇಲ್ಲದ್ದಕ್ಕೆ ಬಡಿದಾಡಿಕೊಂಡರು. ಮುಂದಿನ ರವಿವಾರ ಲಿಡೆಲ್ ತಾವೇ ಮೈದಾನಕ್ಕೆ ಬಂದು ಪಂಚರಾಗಿ ನಿಂತರು. ಬಂಗಾರದ ಪದಕದ ಆಸೆಗೂ ಮುರಿಯದ ನೇಮವನ್ನು ಹುಡುಗರ ಜಗಳಕ್ಕಾಗಿ ಮುರಿದರು. ಇದನ್ನು ಸೋಲು ಅನ್ನುವವರೂ ಇರಬಹುದು, ನಾನು ಅನ್ನುವುದಿಲ್ಲ.

1945ರ ಚಳಿಗಾಲದಲ್ಲಿ ಹಾಕ್ಕೊಳ್ಳಾಕ ಸರಿಯಾದ ಬೂಟಿಲ್ಲದ ಒಬ್ಬ ಹುಡುಗನಿಗೆ ತಮ್ಮ ಹಳೇ ಓಟದ ಬೂಟು ಕೊಟ್ಟರು. ಅದನ್ನು ಹೊಲಿದು, ಬಿಗಿದು ಸರಿಮಾಡಿದ್ದರು. ಆಗಲೇ ಅವರ ಮಿದುಳಿನಲ್ಲಿ ಗಡ್ಡೆ ಬೆಳೆದಿತ್ತು. ಫೆಬ್ರುವರಿ 21ರಂದು 43ನೇ ವಯಸ್ಸಿಗೆ ತೀರಿಕೊಂಡರು. ಶವಪೆಟ್ಟಿಗೆ ಹೊತ್ತವರಲ್ಲಿ ಆ ಹುಡುಗನೂ ಇದ್ದ. ಆಗಸ್ಟ್‌ನಲ್ಲಿ ಶಿಬಿರದವರಿಗೆಲ್ಲ ಬಿಡುಗಡೆಯಾಯಿತು. ಕೆನಡಾದಲ್ಲಿ ಹುಟ್ಟಿದ ಮೂರನೇ ಮಗಳ ಮುಖವನ್ನು ಅವರು ನೋಡಲೇ ಇಲ್ಲ.